ಆಶ್ರಯದಿಂದ ಸಂಘಕ್ಕೆ: ಮಂಗಳೂರಿನ ದೃಷ್ಟಿಹೀನರು ಮತ್ತು ಸಮುದಾಯದ ಪ್ರಶ್ನೆ

ಪೀಠಿಕೆ

2011ರ ಜನಗಣತಿಯಂತೆ ಭಾರತದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ ಸುಮಾರು 2.64 ಲಕ್ಷ. ಸಂಖ್ಯೆ ಇಷ್ಟು ದೊಡ್ಡದಿದ್ದರೂ ಅದು ತಾನಾಗಿ ಸಮುದಾಯವಾಗುವುದಿಲ್ಲ. ಕಿವುಡರನ್ನು ಸಂಜ್ಞಾಭಾಷೆ ಒಂದೆಡೆ ಸೆಳೆಯುತ್ತದೆ. ದೃಷ್ಟಿಹೀನರಿಗೆ ಅಂಥ ಪ್ರತ್ಯೇಕ ಮಾತು ಇಲ್ಲ. ಮನೆಯವರ ಮಾತೇ ಅವರ ಮಾತು. ಹಾಗಾಗಿ ಒಂದೇ ಓಣಿಯಲ್ಲಿದ್ದೂ ಇಬ್ಬರು ಒಬ್ಬರನ್ನೊಬ್ಬರು ಅರಿಯದೆ ಬಾಳಿಬಿಡಬಹುದು. ಚದುರಿದ ಇವರನ್ನು ಕೂಡಿಸುವುದು ಯಾವುದು? ಈ ಪ್ರಶ್ನೆಗೆ ಕರ್ನಾಟಕದ ಚರಿತ್ರೆ ಕೊಟ್ಟ ಉತ್ತರಗಳನ್ನು ಪರಿಶೀಲಿಸಿ, ಅವು ಮಂಗಳೂರು ನಗರಕ್ಕೆ ಎಷ್ಟು ಹೊಂದುತ್ತವೆ ಎಂದು ನೋಡುವುದು ಈ ಲೇಖನದ ಉದ್ದೇಶ.

ಶಾಲೆ ಮತ್ತು ಆಶ್ರಮ

ಮೊದಲ ಉತ್ತರ ಶಾಲೆ. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಶುರುವಾಯಿತು. ಮಂಗಳೂರಿನಲ್ಲಿ ರೋಮನ್ ಮತ್ತು ಕ್ಯಾಥರಿನ್ ಲೋಬೊ ಅಂಧ ಮಕ್ಕಳ ಶಾಲೆಯಿದೆ; ಗಡಿಯಾಚೆ ಕಾಸರಗೋಡಿನಲ್ಲಿ ಸರಕಾರಿ ಅಂಧರ ಶಾಲೆಯಿದೆ. ಇಂಥ ಶಾಲೆಗಳು ಬ್ರೈಲ್ ಕಲಿಸಿದವು. ಪಠ್ಯದಲ್ಲಿ ಇಲ್ಲದ ಇನ್ನೊಂದನ್ನೂ ಕೊಟ್ಟವು: ತನ್ನಂತೆಯೇ ಇರುವ ಗೆಳೆಯರನ್ನು. ಊರಿನಲ್ಲಿ ಒಬ್ಬನೇ ಆಗಿದ್ದ ಹುಡುಗ ಹಾಸ್ಟೆಲಿನಲ್ಲಿ ಹತ್ತರಲ್ಲಿ ಒಬ್ಬನಾಗುತ್ತಾನೆ.

ಎರಡನೆಯದು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಉತ್ತರ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ್ದನ್ನು ಅಂಧರೇ ಆಗಿದ್ದ ಪುಟ್ಟರಾಜ ಗವಾಯಿಗಳು (1914–2010) ಮುಂದುವರಿಸಿದರು. ಸಂಗೀತ ಇಲ್ಲಿ ವಿದ್ಯೆಯೂ ಹೌದು, ಅನ್ನದ ದಾರಿಯೂ ಹೌದು. ಆಶ್ರಮದ ಮಕ್ಕಳ ಹೊಟ್ಟೆಗಾಗಿ ನಾಟಕ ಕಂಪನಿಯನ್ನೂ ನಡೆಸಲಾಯಿತು. ಗುರುವೂ ಕಾಣದವನು, ಶಿಷ್ಯನೂ ಕಾಣದವನು ಎಂಬಲ್ಲಿ ಕರುಣೆಯ ಮೇಲು–ಕೀಳು ಸಡಿಲಾಗುತ್ತದೆ. ಆದರೆ ಈ ಮಾದರಿಗೆ ಗುರುವಿನ ವ್ಯಕ್ತಿತ್ವವೇ ಆಧಾರ. ಸ್ವರಕ್ಕೆ ಒಲಿಯದವನಿಗೆ ಅಲ್ಲಿ ಸ್ಥಳ ಕಡಿಮೆ.

‘ಅಂಧರಿಗಾಗಿ’ ಮತ್ತು ‘ಅಂಧರದೇ’

ಮೂರನೆಯ ಉತ್ತರ ಹಕ್ಕಿನ ಸಂಘಟನೆ. 1952ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರಾಷ್ಟ್ರೀಯ ಅಂಧರ ಸಂಸ್ಥೆ (ಎನ್‌ಎಬಿ) ಅಂಧರಿಗಾಗಿ ದುಡಿದ ಸಂಸ್ಥೆ. 1970ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧರ ಒಕ್ಕೂಟ (ಎನ್‌ಎಫ್‌ಬಿ) ಅಂಧರೇ ನಡೆಸಿದ್ದು. ಈ ವಿಭಕ್ತಿ ಭೇದದಲ್ಲಿ ಒಂದು ಚರಿತ್ರೆಯೇ ಅಡಗಿದೆ. ಜಾಗತಿಕ ಮಟ್ಟದಲ್ಲೂ ಇದೇ ಎರಡು ಧಾರೆಗಳಿದ್ದು, 1984ರಲ್ಲಿ ಅವು ಸೇರಿ ವಿಶ್ವ ಅಂಧರ ಒಕ್ಕೂಟವಾಯಿತು. ಸರಕಾರಿ ಉದ್ಯೋಗದಲ್ಲಿ ಅಂಗವಿಕಲರಿಗಿರುವ 4% ಮೀಸಲಾತಿಯಲ್ಲಿ 1% ಪಾಲು ಅಂಧರು ಮತ್ತು ಮಂದದೃಷ್ಟಿಯವರದು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಇಂಥ ಪಾಲು ಬೇಡಿ ಬಂದದ್ದಲ್ಲ, ಕೇಳಿ ಪಡೆದದ್ದು.

ಪರಸ್ಪರ ಆಸರೆಯ ಸೂಕ್ಷ್ಮವನ್ನು ಕಾನೂನಿಗಿಂತ ಚೆನ್ನಾಗಿ ಹೇಳುವುದು ಅಂಧರ ಕ್ರಿಕೆಟ್. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಮರ್ಥನಂ ಸಂಸ್ಥೆ ಈ ಆಟಕ್ಕೆ ದೊಡ್ಡ ನೆಲೆ ಒದಗಿಸಿತು. ಮೊದಲ ಅಂಧರ ಟಿ–20 ವಿಶ್ವಕಪ್ ನಡೆದದ್ದೂ 2012ರಲ್ಲಿ ಬೆಂಗಳೂರಿನಲ್ಲೇ, ಗೆದ್ದದ್ದು ಭಾರತ. ಚೆಂಡಿನೊಳಗೆ ಗಲಗಲ ಸದ್ದು ಮಾಡುವ ಗುಂಡುಗಳಿರುತ್ತವೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಹೊಡೆದ ಓಟ ಎರಡರಷ್ಟು ಲೆಕ್ಕಕ್ಕೆ ಬರುತ್ತದೆ. ಅಲ್ಪಸ್ವಲ್ಪ ಕಾಣುವವರು ಪೂರ್ಣ ಕಾಣದವರನ್ನು ಹೊರಗಿಟ್ಟು ಗೆಲ್ಲಲಾಗದು. ಒಳ್ಳೆಯತನವನ್ನು ಆಟಗಾರರ ಮನಸ್ಸಿಗೇ ಬಿಡದೆ ನಿಯಮದಲ್ಲಿ ಹೆಣೆದಿರುವುದು ಇದರ ಹೆಚ್ಚುಗಾರಿಕೆ.

ಕೇಳುವ ಊರು

ಈಗ ಮಂಗಳೂರಿಗೆ ಬರೋಣ. ಈ ನಗರ ಕಿವಿಗೆ ದಕ್ಕುವ ನಗರ. ಖಾಸಗಿ ಸಿಟಿ ಬಸ್ಸಿನ ಕಂಡಕ್ಟರ್ ಹಂಪನಕಟ್ಟೆ, ಜ್ಯೋತಿ, ಕಂಕನಾಡಿ ಎಂದು ಕೂಗುತ್ತಾನೆ. ‘ರೈಟ್, ಪೋಯಿ’ ಎಂದೊಡನೆ ಬಸ್ಸು ಹೊರಡುತ್ತದೆ. ಯಾರ ಸೌಕರ್ಯಕ್ಕೆಂದೂ ಯೋಜಿಸದ ಈ ಕೂಗು ಬೋರ್ಡು ಓದಲಾರದವನಿಗೆ ದಾರಿಯಾಗಿದೆ. ಇಲ್ಲಿನ ಯಕ್ಷಗಾನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ–ಮದ್ದಳೆ, ಅರ್ಥಧಾರಿಗಳ ವಾದ ಮಾತ್ರ. ಕಾಣದವನೂ ಅಲ್ಲಿ ರಿಯಾಯಿತಿಯಿಲ್ಲದ ಪೂರ್ಣ ರಸಿಕ. 1976ರಲ್ಲಿ ಆರಂಭವಾದ ಆಕಾಶವಾಣಿ ಮಂಗಳೂರು ಈ ಕಲೆಯನ್ನು ಮನೆಮನೆಗೆ ಒಯ್ದಿತು. ಸಂತ ಅಲೋಶಿಯಸ್ ಕಾಲೇಜಿನ ಸಮುದಾಯ ಬಾನುಲಿ ರೇಡಿಯೊ ಸಾರಂಗ್ 107.8 ಸ್ಥಳೀಯ ದನಿಗಳಿಗೆ ಜಾಗ ಕೊಟ್ಟಿತು.

ಆದರೆ ಈ ಶ್ರವಣಸಿರಿಗೆ ಮಿತಿಯಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಆರ್ಭಟದಲ್ಲಿ ವಾಹನದ ಸದ್ದೂ ಬಿಳಿಕೋಲಿನ ತಟ್ಟೂ ಮುಳುಗಿಹೋಗುತ್ತವೆ. ಏರುತಗ್ಗಿನ ರಸ್ತೆ, ತೆರೆದ ಚರಂಡಿ, ನಡುವೆಯೇ ಕಡಿದುಹೋಗುವ ಕಾಲುದಾರಿ ಹೊರಗೆ ಹೆಜ್ಜೆಯಿಡುವ ಧೈರ್ಯವನ್ನೇ ಕುಂದಿಸುತ್ತವೆ. ಹೊರಗೆ ಬಾರದವರು ಕೂಡುವುದಾದರೂ ಹೇಗೆ? ಕಾಲುದಾರಿಯ ಕೊರತೆಯನ್ನು ಬರಿಯ ಕಾಮಗಾರಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಸಮುದಾಯ ನಿಲ್ಲುವುದೇ ಅದರ ಮೇಲೆ.

ಭಾಷೆಯ ತೊಡಕೂ ಇದೆ. 1950ರ ದಶಕದ ಆರಂಭದಲ್ಲಿ ರೂಪುಗೊಂಡ ಭಾರತಿ ಬ್ರೈಲ್ ಕನ್ನಡವನ್ನು ಬೆರಳ ತುದಿಗೆ ತಂದಿತು; ಸ್ಕ್ರೀನ್ ರೀಡರ್‌ಗಳು ಈಗ ಕನ್ನಡ ಓದುತ್ತವೆ. ಮಂಗಳೂರಿನ ಮನೆಮಾತು ಮಾತ್ರ ಬಹುಪಾಲು ತುಳು, ಕೊಂಕಣಿ, ಬ್ಯಾರಿ. ತುಳುವಿನ ‘ಯಾನ್ ಪೋಪೆ’ (ನಾನು ಹೋಗುತ್ತೇನೆ), ‘ಆಯೆ ಪೋಪೆ’ (ಅವನು ಹೋಗುತ್ತಾನೆ) ಎಂಬುದನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕ್ರಿಯಾಪದ ಎರಡೂ ಕಡೆ ಒಂದೇ. ತುಳುವರ ಬಾಯಲ್ಲಿ ಕೊನೆಯ ಸ್ವರ ಬೇರೆ. ತುಳುವ ಓದುಗ ಅದನ್ನು ತಾನೇ ತಿದ್ದಿಕೊಳ್ಳುತ್ತಾನೆ, ಯಂತ್ರಕ್ಕೆ ಅದು ತಿಳಿಯದು. ಹಾಗಾಗಿ ವಾಟ್ಸ್‌ಆ್ಯಪಿನಲ್ಲಿ ಬರಹಕ್ಕಿಂತ ದನಿಸಂದೇಶವೇ ಇಲ್ಲಿನ ದೃಷ್ಟಿಹೀನರಿಗೆ ಸಹಜ ಮಾಧ್ಯಮ.

ತಡವಾಗಿ ಕಾಣದಾದವರು

ಮೇಲಿನ ಮೂರೂ ಉತ್ತರಗಳು ಬಾಲ್ಯದಿಂದಲೇ ಕಾಣದವರನ್ನು ಅಥವಾ ಯುವಕರನ್ನು ಮುಖ್ಯವಾಗಿ ಕಣ್ಣೆದುರಿಗಿಟ್ಟುಕೊಂಡವು. ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆ ಅಕ್ಷಿಪಟಕ್ಕೆ ತಂದ ಹಾನಿಯಿಂದಲೋ ಐವತ್ತು, ಅರುವತ್ತರಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಶಾಲೆಯ ಗೆಳೆತನವಿಲ್ಲ, ಬ್ರೈಲ್ ಇಲ್ಲ, ಉದ್ಯೋಗ ಮೀಸಲಾತಿಯಿಂದ ಪ್ರಯೋಜನವಿಲ್ಲ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಕರಾವಳಿಯ ಮನೆಗಳಲ್ಲಿ ಇವರ ಲೋಕ ಒಂದು ಕೋಣೆ, ಒಂದು ರೇಡಿಯೊಗೆ ಇಳಿಯುತ್ತದೆ. ‘ಪಾಪ, ಕಣ್ಣು ಕಾಣುವುದಿಲ್ಲ, ಕೂತಿರಲಿ’ ಎಂಬ ಮನೆಯವರ ಪ್ರೀತಿಯೂ ಇವರನ್ನು ಕಟ್ಟಿಹಾಕುತ್ತದೆ. ಚಹಾ ಬಗ್ಗಿಸುವಾಗ ಲೋಟ ತುಂಬಿದ್ದನ್ನು ಅರಿಯುವುದು ಹೇಗೆ, ನೋಟುಗಳನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನು ಇವರಿಗೆ ನಂಬಿಕೆಯಿಂದ ಕಲಿಸಬಲ್ಲವರು ಅದೇ ದಾರಿಯಲ್ಲಿ ಮೊದಲು ನಡೆದವರು.

ಸಮಾರೋಪ

ಶಾಲೆ ಗೆಳೆತನ ಕೊಟ್ಟಿತು, ಆಶ್ರಮ ವೃತ್ತಿ ಕೊಟ್ಟಿತು, ಒಕ್ಕೂಟ ಹಕ್ಕು ಕೊಟ್ಟಿತು. ಇವುಗಳಾಚೆ ಉಳಿದಿರುವುದು ನಡುವಯಸ್ಸು ದಾಟಿದವರ ನೆರೆಹೊರೆಯ ಕೂಟ. ಇದಕ್ಕೆ ಹೊಸ ಕಟ್ಟಡ ಬೇಡ. ತಾಳಮದ್ದಳೆ ಸಂಘಗಳು ದೇವಸ್ಥಾನದ ಚಾವಡಿಯಲ್ಲೋ ಶಾಲೆಯ ಕೋಣೆಯಲ್ಲೋ ಸೇರಿ ಬೆಳೆದ ಊರು ಇದು. ಬಸ್ಸು ಸಿಗುವ ಜಾಗದಲ್ಲಿ ತಿಂಗಳಿಗೊಂದು ದಿನ ಒಂದು ಕೋಣೆ, ಮನೆಮಾತಿನಲ್ಲಿ ಮಾತುಕತೆ, ಶಾಲೆಯಲ್ಲಿ ಕಲಿತ ಕಿರಿಯರೇ ತಡವಾಗಿ ಕಾಣದಾದ ಹಿರಿಯರಿಗೆ ಗುರುಗಳು: ಇಷ್ಟಿದ್ದರೆ ಆರಂಭಕ್ಕೆ ಸಾಕು. ಕಣ್ಣಿನ ವೈದ್ಯರು ‘ಇನ್ನು ಮಾಡುವಂಥದ್ದೇನೂ ಇಲ್ಲ’ ಎಂದು ಚೀಟಿ ಮಡಚುವ ಮುನ್ನ ಅದರ ಮೇಲೆ ಅಂಥ ಕೂಟದ ವಿಳಾಸ ಬರೆದುಕೊಡುವಂತಾಗಬೇಕು. ಆ ಕೂಟದ ಅಧ್ಯಕ್ಷರ ಕುರ್ಚಿಯಲ್ಲಿ ಕಣ್ಣು ಕಾಣದವರೇ ಕೂರಬೇಕು.