ದೇವಗುಣವರ್ಣನೆಗೊಂದು ಪಾರಿತೋಷಕ

ಭಗವಂತನ ಗುಣಗಳನ್ನು ಹಾಡುವ ಕವಿಗೆ ದ್ರವ್ಯದ ಪ್ರಲೋಭನವು ಬೇಕೇ? ಭಕ್ತಿಕಾವ್ಯಕ್ಕೆ ಬಹುಮಾನವನ್ನು ಗೊತ್ತುಪಡಿಸುವುದು ಉಚಿತವೇ? ಆಂಗ್ಲ ಸಾಹಿತ್ಯಚರಿತ್ರೆಯ ಒಂದು ಪ್ರಸಂಗವು ಈ ವಿಚಾರಕ್ಕೆ ತಕ್ಕಷ್ಟು ಬೆಳಕನ್ನು ಬೀರುವುದು.

1741ರಲ್ಲಿ ದಿವಂಗತನಾದ ಥಾಮಸ್ ಸೀಟನ್ ಎಂಬ ಪಾದ್ರಿಯು ಕಿಸ್ಲಿಂಗ್‌ಬರಿ ಗ್ರಾಮದಲ್ಲಿದ್ದ ತನ್ನ ಭೂಮಿಯನ್ನು ಮರಣಶಾಸನದ ಮೂಲಕ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಬಿಟ್ಟನು. ಪರಮಾತ್ಮನ ಗುಣಗಳಲ್ಲೊಂದನ್ನು ಕುರಿತು ಅತ್ಯುತ್ತಮವಾದ ಇಂಗ್ಲಿಷ್ ಕವಿತೆಯನ್ನು ರಚಿಸಿದ ಎಂ. ಎ. ಪದವೀಧರನಿಗೆ ಅದರ ಗೇಣಿಯ ಹಣವು ಪ್ರತಿವರ್ಷವೂ ಸಲ್ಲತಕ್ಕುದು. ಕವಿತೆಯ ಮುದ್ರಣದ ವೆಚ್ಚವನ್ನು ಅದರಲ್ಲಿಯೇ ಕಳೆಯತಕ್ಕುದು. ಗುಣಗಳೆಲ್ಲವೂ ತೀರಿದ ಬಳಿಕ ಮರಣ, ಅಂತಿಮ ನ್ಯಾಯತೀರ್ಪು, ಸ್ವರ್ಗ, ನರಕ ಮೊದಲಾದ ವಿಷಯಗಳನ್ನು ಕೊಡತಕ್ಕುದು ಎಂದು ವಿಧಿಸಿದನು. ದೇವಗುಣಗಳು ತೀರುವ ಕಾಲವೂ ಉಂಟೆಂದು ಎಣಿಸಿದುದಕ್ಕೆ ವಾಚಕರು ಮುಗುಳ್ನಗಬಹುದು. ಆದರೆ ದಾನಿಯ ಉದ್ದೇಶವು ಶುದ್ಧವಾದುದು.

1750ರಲ್ಲಿ ಪ್ರಥಮ ಪಾರಿತೋಷಕವು ಕ್ರಿಸ್ಟೊಫರ್ ಸ್ಮಾರ್ಟ್ ಎಂಬ ತರುಣನಿಗೆ ದೊರೆಯಿತು. 1755ರ ವರೆಗೆ ಅವನು ಐದು ಸಲ ಅದನ್ನು ಗಳಿಸಿದನು. ದೇವರ ನಿತ್ಯತ್ವ, ಅಪಾರತೆ, ಸರ್ವಜ್ಞತ್ವ, ಶಕ್ತಿ, ಕಲ್ಯಾಣಗುಣ ಇವೇ ಅವನ ವಿಷಯಗಳು. ಮಿಲ್ಟನ್ನನ ಜಾಡಿನಲ್ಲಿ ನಡೆದ ಆ ಪ್ರಾಸರಹಿತ ಪದ್ಯಗಳು ಪಾಂಡಿತ್ಯಪೂರ್ಣವಾಗಿದ್ದುವು, ಪರೀಕ್ಷಕರು ಮೆಚ್ಚಿದರು.

ಬಳಿಕ ಅವನ ದೆಸೆಯು ತಿರುಗಿತು. ಕಂಡಕಂಡಲ್ಲಿ ಮೊಣಕಾಲೂರಿ ಪ್ರಾರ್ಥಿಸುವ ತವಕವು ಅವನನ್ನು ಹಿಡಿಯಿತು. 1757ರಲ್ಲಿ ಅವನನ್ನು ಹುಚ್ಚರ ಆಸ್ಪತ್ರೆಗೆ ಸೇರಿಸಿದರು. 1763ರ ವರೆಗೆ ಬಹುಕಾಲವು ಬಂಧನದಲ್ಲಿಯೇ ಕಳೆಯಿತು. ಅಲ್ಲಿ ಪಾರಿತೋಷಕವಿಲ್ಲ, ಪರೀಕ್ಷಕರಿಲ್ಲ, ಓದುಗರೂ ಇಲ್ಲ. ಆದರೂ ತನ್ನ ಬೆಕ್ಕಿನ ಚೇಷ್ಟೆಯಲ್ಲಿಯೂ ದೇವರ ಸ್ತುತಿಯನ್ನೇ ಕಂಡು ಅವನು ಬರೆದ ಸ್ತೋತ್ರವು 1939ರ ವರೆಗೆ ಅಚ್ಚಾಗಲಿಲ್ಲ. 1763ರಲ್ಲಿ ಪ್ರಕಟವಾದ ‘ದಾವೀದನಿಗೆ ಗೀತ’ವನ್ನು ಬುದ್ಧಿಭ್ರಮೆಯ ಫಲವೆಂದು ತಳ್ಳಿದರು, 1791ರ ಕವಿತಾಸಂಗ್ರಹದಲ್ಲಿ ಅದಕ್ಕೆ ಎಡೆಯೇ ದೊರೆಯಲಿಲ್ಲ. ಕವಿಯಾದರೋ 1771ರಲ್ಲಿಯೇ ಸಾಲಗಾರರ ಸೆರೆಮನೆಯಲ್ಲಿ ಮೃತನಾಗಿದ್ದನು. ಇಂದು ಅವನ ಕೀರ್ತಿಯು ನಿಂತಿರುವುದು ಆ ಎರಡು ಕೃತಿಗಳ ಮೇಲೆ. ಬಹುಮಾನಿತ ಪದ್ಯಗಳನ್ನು ಓದುವವರು ವಿರಳ.

ಹಾಗಾದರೆ ಸೀಟನ್ನನ ದಾನವು ವ್ಯರ್ಥವಾಯಿತೇ? ಹಾಗೆನ್ನಲಾಗದು. ಚಮತ್ಕಾರದ ಹಗುರ ಪದ್ಯಗಳನ್ನೂ ಹೊಸೆಯುತ್ತಿದ್ದ ಯುವಕನ ಲೇಖನಿಯನ್ನು ವರ್ಷವರ್ಷವೂ ದೇವಗುಣಗಳತ್ತ ತಿರುಗಿಸಿದುದು ಆ ದಾನವೇ. ಅದೇ ವಸ್ತುವು ಸಂಕಟಕಾಲದಲ್ಲಿ ಅವನ ಉಸಿರಾಯಿತು. ದಾನಿಯು ಹೊಲವನ್ನು ಉಳಿಸಿಕೊಡಬಲ್ಲನು, ಬೀಜವನ್ನೂ ಒದಗಿಸಬಲ್ಲನು. ಮಳೆಯು ಅವನ ಕೈಯಲ್ಲಿಲ್ಲ. ಕವಿಗಳಿಗೆ ದತ್ತಿಯನ್ನು ಸ್ಥಾಪಿಸುವ ಮಹನೀಯರು ಇದನ್ನರಿತು ಕೊಡಲಿ. ಪರೀಕ್ಷಕರೂ ತಮ್ಮ ತಕ್ಕಡಿಯಲ್ಲಿ ತೂಗದ ಭಕ್ತಿಯೊಂದುಂಟೆಂಬುದನ್ನು ಮರೆಯದಿರಲಿ.