ಎಳೆಯ ಮಕ್ಕಳಲ್ಲಿ ಸಂಕೇತಗ್ರಹಣ

ಒಂದು ವಸ್ತು ತನ್ನನ್ನಲ್ಲದೆ ಬೇರೊಂದನ್ನೂ ಸೂಚಿಸಬಲ್ಲದು ಎಂಬ ಅರಿವೇ ಸಂಕೇತಗ್ರಹಣ. ಚಿತ್ರ, ನಕ್ಷೆ, ಅಕ್ಷರ, ಅಂಕಿ ಇವೆಲ್ಲಕ್ಕೂ ಈ ಅರಿವು ಬೇಕು.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಸ್ವಂತ ಮಕ್ಕಳನ್ನು ಗಮನಿಸಿ 1945ರಲ್ಲಿ ಪ್ರಕಟಿಸಿದ ಗ್ರಂಥ ಈ ಅಧ್ಯಯನಕ್ಕೆ ತಳಹದಿ ಹಾಕಿತು. ಬಟ್ಟೆಯೊಂದನ್ನು ದಿಂಬೆಂದು ಭಾವಿಸಿ ನಿದ್ದೆಯ ನಟನೆ ಮಾಡಿದ ಮಗಳ ಆಟದಲ್ಲಿ ಅವರು ಸಂಕೇತದ ಮೊಳಕೆಯನ್ನು ಕಂಡರು. ಎರಡನೆಯ ವರ್ಷದ ಕೊನೆಗೆ ಈ ಶಕ್ತಿ ನೆಲೆಗೊಳ್ಳುತ್ತದೆ ಎಂಬುದು ಅವರ ನಿಲುವು. 1962ರಲ್ಲಿ ಹಾಕ್‌ಬರ್ಗ್ ಮತ್ತು ಬ್ರೂಕ್ಸ್, ಚಿತ್ರಗಳಿಂದ ಆದಷ್ಟು ದೂರವಿಟ್ಟು ಬೆಳೆಸಿದ ಮಗುವೂ ಹತ್ತೊಂಬತ್ತನೆಯ ತಿಂಗಳಲ್ಲಿ ರೇಖಾಚಿತ್ರದ ವಸ್ತುಗಳನ್ನು ಹೆಸರಿಸಿತೆಂದು ವರದಿ ಮಾಡಿದರು. ಆದರೆ ಗುರುತು ಹಿಡಿಯುವುದೇ ಬೇರೆ, ಸಂಕೇತವೆಂದು ತಿಳಿಯುವುದೇ ಬೇರೆ. ಒಂಬತ್ತು ತಿಂಗಳ ಶಿಶುಗಳು ಪುಸ್ತಕದ ಚಿತ್ರದಲ್ಲಿರುವ ಆಟಿಕೆಯನ್ನು ಬೆರಳುಗಳಿಂದ ಹಿಡಿದೆತ್ತಲು ನೋಡುತ್ತವೆ.

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಜೂಡಿ ಡೆಲೋಚ್. 1987ರಲ್ಲಿ ಪ್ರಕಟವಾದ ಅವರ ಪ್ರಯೋಗ ಸರಳವಾದದ್ದು. ಕೋಣೆಯೊಂದರ ಪುಟ್ಟ ಮಾದರಿಯಲ್ಲಿ, ಮಗು ನೋಡುತ್ತಿರುವಾಗಲೇ ಚಿಕ್ಕ ಗೊಂಬೆಯೊಂದನ್ನು ಪೀಠೋಪಕರಣದ ಹಿಂದೆ ಅಡಗಿಸುತ್ತಾರೆ. ದೊಡ್ಡ ಗೊಂಬೆಯೂ ನಿಜವಾದ ಕೋಣೆಯಲ್ಲಿ ಅದೇ ಜಾಗದಲ್ಲಿದೆ ಎಂದು ಹೇಳಿ ಹುಡುಕಲು ಕಳುಹಿಸುತ್ತಾರೆ. ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ನೇರವಾಗಿ ಅಲ್ಲಿಗೇ ಹೋದರು. ಎರಡೂವರೆ ವರ್ಷದವರು ಸಿಕ್ಕಸಿಕ್ಕಲ್ಲಿ ಹುಡುಕಿದರು. ಇದು ಮರೆವಲ್ಲ, ಮಾದರಿಗೆ ಮರಳಿದಾಗ ಚಿಕ್ಕ ಗೊಂಬೆಯನ್ನು ಅವರು ತಡವಿಲ್ಲದೆ ಹುಡುಕಿ ತೆಗೆದರು.

ಡೆಲೋಚ್ ಇದಕ್ಕೆ ಕೊಟ್ಟ ವಿವರಣೆಯೇ ದ್ವಿಮುಖ ಗ್ರಹಣ. ಮಾದರಿಯನ್ನು ಒಂದು ವಸ್ತುವಾಗಿಯೂ ಇನ್ನೊಂದರ ಪ್ರತಿನಿಧಿಯಾಗಿಯೂ ಮಗು ಏಕಕಾಲಕ್ಕೆ ಕಾಣಬೇಕು. ವಸ್ತು ಆಕರ್ಷಕವಾದಷ್ಟೂ ಇದು ಕಷ್ಟ. ಮಾದರಿಯೊಡನೆ ಮೊದಲೇ ಆಡಿದ ಮೂರು ವರ್ಷದವರು ಹೆಚ್ಚು ಎಡವಿದರು. ಅದನ್ನು ಗಾಜಿನ ಹಿಂದಿಟ್ಟಾಗ ಎರಡೂವರೆ ವರ್ಷದವರು ಸುಧಾರಿಸಿದರು. 1997ರ ಪ್ರಯೋಗ ಇನ್ನೂ ಜಾಣತನದ್ದು. ಯಂತ್ರವೊಂದು ಕೋಣೆಯನ್ನೇ ಕುಗ್ಗಿಸಿತೆಂದು ನಂಬಿಸಿದಾಗ ಅದೇ ವಯಸ್ಸಿನವರು ಗೊಂಬೆಯನ್ನು ಸುಲಭವಾಗಿ ಪತ್ತೆಮಾಡಿದರು. ಕುಗ್ಗಿದ ಕೋಣೆ ಅವರಿಗೆ ಸಂಕೇತವಲ್ಲ, ಕೋಣೆಯೇ.

ಈ ಸಂಶೋಧನೆಯ ಫಲ ನ್ಯಾಯಾಲಯಕ್ಕೂ ಸಂಬಂಧಿಸಿದ್ದು. ದೌರ್ಜನ್ಯಕ್ಕೊಳಗಾದ ಶಂಕೆಯಿರುವ ಮಕ್ಕಳನ್ನು ವಿಚಾರಿಸುವಾಗ ಅಂಗಾಂಗಗಳುಳ್ಳ ಗೊಂಬೆಗಳನ್ನು ಬಳಸುವ ರೂಢಿಯಿತ್ತು. ಗೊಂಬೆಯಲ್ಲಿ ತನ್ನನ್ನೇ ಕಾಣಲಾಗದ ಎಳೆಯ ಮಗುವಿಗೆ ಅದು ನೆರವಾಗದು ಎಂದು 1995ರಲ್ಲಿ ಡೆಲೋಚ್ ಮತ್ತು ಮಾರ್ಜಾಲ್ಫ್ ತೋರಿಸಿದರು: ತಮ್ಮ ಮೈಯನ್ನು ಎಲ್ಲಿ ಮುಟ್ಟಲಾಯಿತೆಂಬುದನ್ನು ಮಕ್ಕಳು ಗೊಂಬೆಯಿಲ್ಲದೆಯೂ ಅಷ್ಟೇ ಸರಿಯಾಗಿ ಹೇಳಿದರು.