ಫೋಟೋ ಎಡಿಟಿಂಗಿಗೆ ಡೆಸ್ಕ್‌ಟಾಪ್ ಕಂಪ್ಯೂಟರ್: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಮದುವೆ ಮುಗಿದು ಎರಡು ತಿಂಗಳ ಮೇಲೆ ಆಲ್ಬಂ ಕೈಗೆ ಬರುತ್ತದೆ. ತೆರೆದು ನೋಡಿದರೆ ಅಚ್ಚಗೆಂಪಿನ ಧಾರೆ ಸೀರೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ, ಅರಸಿನ ಹಚ್ಚಿದ ಮುಖ ಹಸಿರು ಹಸಿರಾಗಿದೆ. ಮದುವೆ ಮನೆಯವರು ಕ್ಯಾಮರಾವನ್ನು ದೂರುತ್ತಾರೆ, ಸ್ಟುಡಿಯೋದವರು ಮುದ್ರಿಸಿದ ಲ್ಯಾಬನ್ನು ದೂರುತ್ತಾರೆ. ಎಷ್ಟೋ ಸಲ ತಪ್ಪು ಇವೆರಡರ ನಡುವೆ, ಸ್ಟುಡಿಯೋದ ಮೇಜಿನ ಮೇಲೆ ಕುಳಿತ ಕಂಪ್ಯೂಟರಿನಲ್ಲಿರುತ್ತದೆ. ಆಲ್ಬಂ ಮರುಮುದ್ರಣದ ಖರ್ಚು ಮಾತ್ರ ಸ್ಟುಡಿಯೋದವರ ಕೈಯಿಂದಲೇ ಹೋಗುತ್ತದೆ.

ಕುಂಬಳೆ, ಬದಿಯಡ್ಕ, ತಾಳವಾಡಿ, ಜತ್ತ, ಮಡಕಶಿರದಂತಹ ಸಣ್ಣ ಪೇಟೆಗಳಲ್ಲಿ ಪಾಸ್‌ಪೋರ್ಟ್ ಫೋಟೋದಿಂದ ಹಿಡಿದು ಮದುವೆ, ಜಾತ್ರೆ, ಗೃಹಪ್ರವೇಶದವರೆಗೆ ಎಲ್ಲವೂ ಒಂದೇ ಯಂತ್ರದಲ್ಲಿ ನಡೆಯಬೇಕು. ಹೀಗೆ ಐದಾರು ವರ್ಷಕ್ಕೊಮ್ಮೆ ಕೊಳ್ಳುವ ಈ ಯಂತ್ರಕ್ಕೆ ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಉಳಿಸಬಹುದು ಎಂಬುದನ್ನು ತಿಳಿದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

ಮೊದಲು ಮಾನಿಟರ್

ಅಂಗಡಿಯವರು ಪ್ರೊಸೆಸರಿನಿಂದ ಮಾತು ಆರಂಭಿಸುತ್ತಾರೆ. ಫೋಟೋ ಕೆಲಸದವರು ಮಾನಿಟರಿನಿಂದ ಆರಂಭಿಸಬೇಕು. ಪ್ರೊಸೆಸರ್ ನಿಧಾನವಾದರೆ ಕೆಲಸ ತಡವಾದೀತು, ಅಷ್ಟೇ. ಮಾನಿಟರ್ ಸುಳ್ಳು ಹೇಳಿದರೆ ಮಾಡಿದ ಕೆಲಸವೆಲ್ಲ ಹಾಳು.

ಕೇಳಬೇಕಾದ ಮೊದಲ ಪದ ಐಪಿಎಸ್. ಅಗ್ಗದ ಟಿಎನ್ ಪರದೆಯಲ್ಲಿ ತಲೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಮತ್ತು ನೆರಳು ಬದಲಾಗುತ್ತದೆ. ಐಪಿಎಸ್ ಪರದೆಯಲ್ಲಿ ಈ ತೊಂದರೆ ಬಹಳ ಕಡಿಮೆ. ಎರಡನೆಯದು ಎಸ್‌ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿ. ಇದು ಶೇಕಡಾ 100ಕ್ಕೆ ಹತ್ತಿರ ಇರಬೇಕು. ಪೆಟ್ಟಿಗೆಯ ಮೇಲೆ ಶೇಕಡಾ 45 ಎನ್‌ಟಿಎಸ್‌ಸಿ ಎಂದು ಬರೆದಿದ್ದರೆ ಅದು ಲೆಕ್ಕಪತ್ರ ಬರೆಯುವವರ ಪರದೆ. ಕೆಂಪು ಹಸಿರುಗಳು ಅದರಲ್ಲಿ ಸೊರಗಿ ಕಾಣುತ್ತವೆ. ಶೇಕಡಾ 72 ಎನ್‌ಟಿಎಸ್‌ಸಿ ಎಂದಿದ್ದರೆ ಅದು ಸುಮಾರಾಗಿ ಪೂರ್ಣ ಎಸ್‌ಆರ್‌ಜಿಬಿಗೆ ಸಮ. ಅಡೋಬ್ ಆರ್‌ಜಿಬಿ ವ್ಯಾಪ್ತಿಯ ದುಬಾರಿ ಮಾನಿಟರ್ ಹೆಚ್ಚಿನ ಸ್ಟುಡಿಯೋಗಳಿಗೆ ಬೇಕಿಲ್ಲ. ಸಾಮಾನ್ಯ ಕಲರ್ ಲ್ಯಾಬುಗಳು ಕೇಳುವುದು ಎಸ್‌ಆರ್‌ಜಿಬಿಯ ಜೆಪೆಗ್ ಕಡತವನ್ನೇ. ಅಡೋಬ್ ಆರ್‌ಜಿಬಿಯಲ್ಲಿ ಉಳಿಸಿದ ಫೋಟೋವನ್ನು ಎಸ್‌ಆರ್‌ಜಿಬಿ ಎಂದುಕೊಂಡು ಮುದ್ರಿಸಿದರೆ ಬಣ್ಣ ಪೇಲವವಾಗುತ್ತದೆ. ಮೇಲೆ ಹೇಳಿದ ಸೀರೆಯ ಕಥೆಗೆ ಇದೂ ಒಂದು ಕಾರಣ.

ಗಾತ್ರ 24 ಇಂಚಿಗೆ 1920 x 1080 ಸಾಕು. 27 ಇಂಚಿನದಾದರೆ 2560 x 1440 ಇರಲಿ, ಇಲ್ಲವಾದರೆ ಚುಕ್ಕೆಗಳು ಕಾಣಿಸತೊಡಗುತ್ತವೆ. ಹಳೆಯ ನೀಲಿ ವಿಜಿಎ ತಂತಿಯನ್ನು ಬಳಸದೆ ಡಿಸ್‌ಪ್ಲೇ ಪೋರ್ಟ್ ಅಥವಾ ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಬೇಕು.

ಮಾನಿಟರ್ ಮನೆಗೆ ಬಂದ ಮೇಲೂ ಕೆಲಸವಿದೆ. ಅಂಗಡಿಯಲ್ಲಿ ಮಿಂಚಲೆಂದು ಕಂಪನಿಯವರು ಬೆಳಕನ್ನು ಏರಿಸಿಯೇ ಕಳಿಸುತ್ತಾರೆ. ಅದೇ ಬೆಳಕಿನಲ್ಲಿ ಫೋಟೋ ತಿದ್ದಿದವರಿಗೆ ಪರದೆಯಲ್ಲಿ ಸರಿಯಾಗಿ ಕಂಡದ್ದು ಮುದ್ರಣದಲ್ಲಿ ಕತ್ತಲೆಯಾಗಿ ಬರುತ್ತದೆ. ಮುದ್ರಣದ ಕೆಲಸಕ್ಕೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಬೆಳಕು, 6500 ಕೆಲ್ವಿನ್ ಬಿಳುಪು ಸಾಮಾನ್ಯವಾಗಿ ಒಪ್ಪಿಕೊಂಡ ಮಟ್ಟ. ಇದನ್ನು ಅಳೆದು ಸರಿಪಡಿಸಲು ಕ್ಯಾಲಿಬ್ರೈಟ್, ಡೇಟಾಕಲರ್ ಕಂಪನಿಗಳ ಪುಟ್ಟ ಅಳತೆ ಉಪಕರಣಗಳಿವೆ. ಒಂದೇ ಪೇಟೆಯ ಮೂರ್ನಾಲ್ಕು ಸ್ಟುಡಿಯೋದವರು ಸೇರಿ ಒಂದನ್ನು ಕೊಂಡು ತಿಂಗಳಿಗೊಮ್ಮೆ ಹಂಚಿಕೊಂಡು ಬಳಸಿದರೂ ನಡೆಯುತ್ತದೆ. ಅದೂ ಇಲ್ಲದವರು ಖಾಲಿ ಬಿಳಿ ಪುಟವನ್ನು ಪರದೆಯ ಮೇಲೆ ತೆರೆದು, ಪಕ್ಕದಲ್ಲಿ ಬಿಳಿ ಕಾಗದ ಹಿಡಿದು, ಎರಡೂ ಸುಮಾರು ಒಂದೇ ಬೆಳಕಿನಲ್ಲಿ ಕಾಣುವವರೆಗೆ ಮಾನಿಟರಿನ ಬೆಳಕು ತಗ್ಗಿಸಬಹುದು. ವಿಂಡೋಸಿನ ನೈಟ್ ಲೈಟ್ ಆರಿಸಿರಬೇಕು. ಗುಲಾಬಿ, ಗಿಳಿಹಸಿರು ಬಳಿದ ಗೋಡೆಗಳೂ ಕಣ್ಣನ್ನು ಮೋಸಗೊಳಿಸುತ್ತವೆ; ಎಡಿಟಿಂಗ್ ಕೋಣೆಗೆ ತಿಳಿ ಬೂದು ಬಣ್ಣವೇ ಲೇಸು.

12 x 36ರ ಲೆಕ್ಕ

ಸ್ಮರಣೆ, ಅಂದರೆ ರ್‍ಯಾಮ್ ಎಷ್ಟು ಬೇಕು? ಇದಕ್ಕೆ ಮದುವೆ ಆಲ್ಬಮ್ಮಿನ ಲೆಕ್ಕವೇ ಉತ್ತರ ಹೇಳುತ್ತದೆ. 12 x 36 ಇಂಚಿನ ಆಲ್ಬಂ ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸಿದ್ಧಪಡಿಸಿದರೆ 3600 x 10800, ಅಂದರೆ ಸುಮಾರು 3 ಕೋಟಿ 89 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು 3 ಬೈಟ್ ಹಿಡಿದರೆ ಒಂದು ಪದರಕ್ಕೇ ಸುಮಾರು 117 ಎಂಬಿ. ಹಿನ್ನೆಲೆ, ಹೂವಿನ ಚೌಕಟ್ಟು, ನೆರಳು ಎಂದು ಹಾಳೆ ತುಂಬುವ ಹತ್ತು ಪದರ ಹಾಕಿದರೆ 1 ಜಿಬಿ ದಾಟಿತು. 16 ಬಿಟ್‌ನಲ್ಲಿ ಕೆಲಸ ಮಾಡಿದರೆ ಇದರ ಇಮ್ಮಡಿ. ಹಿಂದಿನ ಹೆಜ್ಜೆಗೆ ಮರಳಲೆಂದು ಫೋಟೋಶಾಪ್ ಇಟ್ಟುಕೊಳ್ಳುವ ನೆನಪು ಬೇರೆ. ರ್‍ಯಾಮ್ ಸಾಲದೆ ಹೋದಾಗ ಅದು ಡಿಸ್ಕಿನ ಜಾಗವನ್ನು ಬಳಸತೊಡಗುತ್ತದೆ, ಮೌಸಿನ ಬಾಣ ಬಳೆಯಾಗಿ ತಿರುಗುತ್ತ ಕೂರುತ್ತದೆ.

ಆದ್ದರಿಂದ 8 ಜಿಬಿ ಎಂಬುದು ಫೋಟೋಶಾಪ್ ತೆರೆದುಕೊಳ್ಳಲು ಬೇಕಾದ ಕನಿಷ್ಠ ಮಾತ್ರ. ಪಾಸ್‌ಪೋರ್ಟ್ ಫೋಟೋ, ಸಣ್ಣ ತಿದ್ದುಪಡಿಗೆ 16 ಜಿಬಿ, ಆಲ್ಬಂ ಮಾಡುವವರಿಗೆ 32 ಜಿಬಿ ಇರಲಿ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಕೈಯಲ್ಲಿ ಹಣ ಕಡಿಮೆಯಿದ್ದರೆ ನಾಲ್ಕು ಕಿಂಡಿಯ ಮದರ್‌ಬೋರ್ಡ್ ಕೊಂಡು ಈಗ 8ರ ಎರಡು ಪಟ್ಟಿ ಹಾಕಿಸಿ, ಬೆಲೆ ಇಳಿದಾಗ ಮತ್ತೆರಡು ಸೇರಿಸಬಹುದು. ಒಂದೇ ಪಟ್ಟಿಗಿಂತ ಜೋಡಿ ಪಟ್ಟಿ ವೇಗ ಎಂಬುದು ನೆನಪಿರಲಿ.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್

ಫೋಟೋಶಾಪಿನ ಹೆಚ್ಚಿನ ಕೆಲಸ ಒಂದೆರಡು ಕೋರ್‌ಗಳ ವೇಗವನ್ನೇ ನೆಚ್ಚಿಕೊಂಡಿದೆ. ಲೈಟ್‌ರೂಮಿನಲ್ಲಿ ಸಾವಿರ ರಾ ಫೋಟೋಗಳನ್ನು ಒಟ್ಟಿಗೆ ಜೆಪೆಗ್ ಮಾಡುವಾಗ ಮಾತ್ರ ಹೆಚ್ಚು ಕೋರ್‌ಗಳು ಕೈಹಿಡಿಯುತ್ತವೆ. ಹೀಗಾಗಿ ಇಂಟೆಲ್‌ನ ಐ5 ಅಥವಾ ಅಲ್ಟ್ರಾ 5, ಎಎಂಡಿಯ ರೈಜನ್ 5 ವರ್ಗದ ಹೊಸ ಪ್ರೊಸೆಸರ್ ಸಣ್ಣ ಸ್ಟುಡಿಯೋಗೆ ಧಾರಾಳ. ಹಳೆಯ ಐ7 ಎಂಬ ಹೆಸರಿಗೆ ಮರುಳಾಗಬಾರದು. ಹತ್ತು ವರ್ಷದ ಹಿಂದಿನ ಐ7ಗಿಂತ ಇತ್ತೀಚಿನ ಐ5 ವೇಗವಾಗಿರುತ್ತದೆ.

ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ ಎಫ್ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಪ್ರತ್ಯೇಕ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಅಗ್ಗವೆಂದು ಅದನ್ನು ಕೊಂಡು ಮತ್ತೆ ಪೇಟೆಗೆ ಓಡುವವರುಂಟು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಶಕ್ತಿಶಾಲಿ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ವೋಲ್ಟೇಜಿನ ದೋಷದಿಂದ ಯಂತ್ರ ಕೆಡುತ್ತಿದ್ದುದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಕಂಪನಿ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಈ ಪ್ರೊಸೆಸರುಗಳಿರುವ ಹಳೆಯ ಯಂತ್ರ ಕೊಳ್ಳುವವರು ಬಯಾಸ್ ನವೀಕರಿಸಿದೆಯೇ ಎಂದು ಕೇಳಬೇಕು.

ಗ್ರಾಫಿಕ್ಸ್ ಕಾರ್ಡ್ ಎಲ್ಲರಿಗೂ ಬೇಕಿಲ್ಲ. ಆದರೆ ಕತ್ತಲೆಯಲ್ಲಿ ನಡೆಯುವ ಯಕ್ಷಗಾನ, ಕೋಲ, ರಾತ್ರಿ ಉತ್ಸವಗಳ ಫೋಟೋ ತೆಗೆಯುವವರ ವಿಷಯ ಬೇರೆ. ಇಂಥ ಫೋಟೋಗಳಲ್ಲಿ ತುಂಬುವ ಕಾಳುಕಾಳನ್ನು ತೆಗೆಯುವ ಡಿನಾಯ್ಸ್ ಸೌಲಭ್ಯ 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮಿಗೆ ಬಂತು. ಇದು ನಡೆಯುವುದು ಗ್ರಾಫಿಕ್ಸ್ ಕಾರ್ಡಿನ ಬಲದ ಮೇಲೆ. 8 ಜಿಬಿ ಸ್ಮರಣೆಯ ಒಳ್ಳೆಯ ಕಾರ್ಡಿನಲ್ಲಿ ಸೆಕೆಂಡುಗಳಲ್ಲಿ ಮುಗಿಯುವ ಕೆಲಸ, ಕಾರ್ಡ್ ಇಲ್ಲದ ಯಂತ್ರದಲ್ಲಿ ಫೋಟೋ ಒಂದಕ್ಕೆ ನಿಮಿಷಗಳನ್ನೇ ತಿನ್ನುತ್ತದೆ. ಇನ್ನು ಗಾಜಿನ ಕ್ಯಾಬಿನೆಟ್ಟಿನೊಳಗೆ ಬಣ್ಣಬಣ್ಣದ ದೀಪ ತಿರುಗುವ ಯಂತ್ರಗಳು: ದೀಪಾವಳಿಗೆ ಚೆಂದ, ಫೋಟೋಗೆ ನಯಾಪೈಸೆಯ ಉಪಯೋಗವಿಲ್ಲ. ಆ ಹಣವನ್ನು ಮಾನಿಟರಿಗೆ ಸೇರಿಸುವುದು ಜಾಣತನ.

ಫೋಟೋ ಉಳಿಯುವುದು ಎಲ್ಲಿ?

ವಿಂಡೋಸ್, ತಂತ್ರಾಂಶಗಳು ಮತ್ತು ಸದ್ಯ ನಡೆಯುತ್ತಿರುವ ಕೆಲಸ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿರಲಿ. 500 ಜಿಬಿ ಕನಿಷ್ಠ, 1 ಟಿಬಿ ಅನುಕೂಲ. ಮುಗಿದ ಕೆಲಸವನ್ನು ತಿರುಗುವ ಹಾರ್ಡ್‌ಡಿಸ್ಕಿಗೆ ಸಾಗಿಸಬಹುದು. ಜಿಬಿಯ ಲೆಕ್ಕದಲ್ಲಿ ಅದು ಅಗ್ಗ. ವಿದ್ಯುತ್ ಕಾಣದೆ ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದ ಎಸ್‌ಎಸ್‌ಡಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಕಂಪ್ಯೂಟರ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಕಳೆದುಹೋದ ಮದುವೆ ಫೋಟೋಗೆ ಮತ್ತೊಂದು ಮದುವೆ ಮಾಡಿಸಲಾಗದು. ಅದರಲ್ಲಿದ್ದ ಅಜ್ಜಿ ಮರುವರ್ಷ ಇರುತ್ತಾರೆಂದೂ ಹೇಳಲಾಗದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ಪದ್ಧತಿಯನ್ನು ಜಗತ್ತಿನೆಲ್ಲೆಡೆ ಛಾಯಾಗ್ರಾಹಕರು ಪಾಲಿಸುತ್ತಾರೆ. ಹಳ್ಳಿಯ ಮಟ್ಟಿಗೆ ಹೇಳುವುದಾದರೆ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಮತ್ತೊಂದು ಸ್ಟುಡಿಯೋದವರ ಮನೆಯಲ್ಲಿ. ಎರಡು ಪ್ರತಿ ಆಗುವವರೆಗೆ ಕ್ಯಾಮರಾದ ಕಾರ್ಡನ್ನು ಅಳಿಸಬಾರದು. ಹೊರಗಿನ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟರೆ ಸಿಡಿಲಾಗಲಿ ವೈರಸ್ಸಾಗಲಿ ಎರಡನ್ನೂ ಒಟ್ಟಿಗೆ ಮುಗಿಸುತ್ತದೆ.

ಸಿಡಿಲಿನ ಮಾತು ಬಂದದ್ದರಿಂದ: ಕಾಸರಗೋಡು ಸೇರಿದಂತೆ ಕೇರಳದಲ್ಲಿ ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್ ಗುಡುಗು ಸಿಡಿಲಿನ ತಿಂಗಳುಗಳು. ಯುಪಿಎಸ್ ಇದ್ದರೆ ಸಾಕೆಂದು ತಿಳಿದವರು ಹಲವರು. ಯುಪಿಎಸ್ ಕರೆಂಟು ಹೋದಾಗ ಕಡತ ಉಳಿಸಲು ಸಮಯ ಕೊಡುತ್ತದೆ, ಸಿಡಿಲನ್ನು ತಡೆಯುವುದಿಲ್ಲ. ಸರಿಯಾದ ಅರ್ಥಿಂಗ್ ಮಾಡಿಸಿ, ಮೋಡ ಕವಿದಾಗ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡುವುದೇ ದಾರಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ 1000 ವಿಎ ಬೇಕು. ಪವರ್ ಸಪ್ಲೈ ಕೂಡ ಕ್ಯಾಬಿನೆಟ್ಟಿನ ಜತೆ ಪುಕ್ಕಟೆ ಬಂದದ್ದಾಗಿರದೆ 80 ಪ್ಲಸ್ ಗುರುತಿನದಾಗಿರಲಿ.

ಹಳೆಯ ಯಂತ್ರ ಮತ್ತು ಆಪಲ್

ಕಚೇರಿಗಳಿಂದ ಹೊರಬಿದ್ದ ಬ್ರಾಂಡೆಡ್ ಯಂತ್ರಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳಬಾರದೆಂದಿಲ್ಲ, ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕೆಂಬುದು ಮೈಕ್ರೋಸಾಫ್ಟ್ ನಿಯಮ. 6, 7ನೇ ಪೀಳಿಗೆಯ ಐ5 ಯಂತ್ರಗಳು ಅಗ್ಗವಾಗಿರುವುದಕ್ಕೆ ಇದೇ ಕಾರಣ.

ಆಪಲ್‌ನ ಎಂ4 ಮ್ಯಾಕ್ ಮಿನಿ 2024ರಲ್ಲಿ ಭಾರತಕ್ಕೆ ಬಂದಾಗ ಆರಂಭಿಕ ಬೆಲೆ 59,900 ರೂಪಾಯಿ, ರ್‍ಯಾಮ್ 16 ಜಿಬಿ, ಡಿಸ್ಕ್ 256 ಜಿಬಿ. ಫೋಟೋ ಕೆಲಸಕ್ಕೆ ಅದು ಬಹಳ ಚುರುಕು, ವಿದ್ಯುತ್ ಖರ್ಚೂ ಅಲ್ಪ. ಆದರೆ ಮಾನಿಟರ್ ಬೇರೆ ಕೊಳ್ಳಬೇಕು, ರ್‍ಯಾಮ್ ಮುಂದೆಂದೂ ಹೆಚ್ಚಿಸಲಾಗದು, ಕೆಟ್ಟರೆ ಹತ್ತಿರದ ಪೇಟೆಯ ಮೆಕ್ಯಾನಿಕ್ ಕೈಹಾಕುವಂತಿಲ್ಲ.

ತಂತ್ರಾಂಶ, ಕನ್ನಡ ಅಕ್ಷರ

ಫೋಟೋಶಾಪನ್ನು 2013ರಿಂದೀಚೆಗೆ ಅಡೋಬ್ ಚಂದಾ ಲೆಕ್ಕದಲ್ಲಿ ಕೊಡುತ್ತಿದೆ. ಕಂಪ್ಯೂಟರಿನ ಬೆಲೆಗೆ ಈ ಚಂದಾವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅಂಗಡಿಯವರು ಪುಕ್ಕಟೆ ತುಂಬಿಸಿಕೊಡುವ ಕಳ್ಳಪ್ರತಿಯ ಜತೆ ವೈರಸ್ ಬರುವುದು ಹೊಸತಲ್ಲ. ಹಣ ಕೊಡದೆ ನ್ಯಾಯವಾಗಿ ಬಳಸಬಹುದಾದವು ಗಿಂಪ್, ಡಾರ್ಕ್‌ಟೇಬಲ್, ರಾಥೆರಪಿ. 2025ರ ಅಕ್ಟೋಬರ್‌ನಲ್ಲಿ ಅಫಿನಿಟಿ ಕೂಡ ಉಚಿತವಾಯಿತು.

ಗಡಿನಾಡಿನ ಆಲ್ಬಮ್ಮುಗಳಲ್ಲಿ ಹೆಸರು ಎರಡು ಲಿಪಿಯಲ್ಲಿ ಬೇಕಾಗುತ್ತದೆ. ಕಾಸರಗೋಡಿನಲ್ಲಿ ಕನ್ನಡ-ಮಲಯಾಳ, ಅಕ್ಕಲಕೋಟೆಯಲ್ಲಿ ಕನ್ನಡ-ಮರಾಠಿ, ಆದೋನಿಯಲ್ಲಿ ಕನ್ನಡ-ತೆಲುಗು. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತಿತ್ತು. ಅದಕ್ಕೇ ಸ್ಟುಡಿಯೋಗಳು ನುಡಿ, ಬರಹದ ಹಳೆಯ ಫಾಂಟುಗಳಿಗೆ ಅಂಟಿಕೊಂಡವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ವಧೂವರರ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಈಚಿನ ಫೋಟೋಶಾಪಿನ ಸೆಟ್ಟಿಂಗಿನಲ್ಲಿ ಭಾರತೀಯ ಲಿಪಿಗಳ ವಿನ್ಯಾಸವನ್ನು ಆರಿಸಿದರೆ ಯೂನಿಕೋಡ್ ಸರಿಯಾಗಿ ಮೂಡುತ್ತದೆ, ಗಿಂಪ್‌ನಲ್ಲಿ ಏನೂ ಆರಿಸಬೇಕಿಲ್ಲ. ಹೊಸ ಯಂತ್ರದಲ್ಲಿ ಲಕ್ಷ್ಮೀ, ಸೂರ್ಯ, ಶ್ರೀ ಎಂದು ಬೆರಳಚ್ಚಿಸಿ ನೋಡಿದರೆ ಸಾಕು, ಸರಿಯಿದೆಯೇ ಇಲ್ಲವೇ ತಿಳಿಯುತ್ತದೆ. ಲ್ಯಾಬಿಗೆ ಕಳಿಸುವ ಮುನ್ನ ಅಕ್ಷರದ ಪದರವನ್ನು ಚಿತ್ರವಾಗಿ ಬದಲಿಸಿ, ಮೂಲ ಪ್ರತಿಯನ್ನು ಬೇರೆ ಉಳಿಸಿಕೊಳ್ಳಬೇಕು.

ಗಡಿ ದಾಟಿ ಕೊಳ್ಳುವಾಗ

ಮಂಜೇಶ್ವರದವರಿಗೆ ಮಂಗಳೂರು ಹತ್ತಿರ, ತಾಳವಾಡಿಯವರಿಗೆ ಚಾಮರಾಜನಗರ, ಆದೋನಿಯವರಿಗೆ ಬಳ್ಳಾರಿ. ಕಂಪ್ಯೂಟರಿಗೆ ಎಲ್ಲ ರಾಜ್ಯಗಳಲ್ಲೂ ಜಿಎಸ್‌ಟಿ ಶೇಕಡಾ 18 ಆದ್ದರಿಂದ ಗಡಿ ದಾಟಿದ ಮಾತ್ರಕ್ಕೆ ತೆರಿಗೆ ಉಳಿಯದು. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋದವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಕರ್ನಾಟಕದ ಅಂಗಡಿಯವರು ಅಲ್ಲಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿ ಬಿಲ್ ಕೊಟ್ಟರೆ ಅದರ ಕ್ರೆಡಿಟ್ ಕೇರಳದ ಅಥವಾ ಆಂಧ್ರದ ನೋಂದಣಿಗೆ ಸಿಗುವುದಿಲ್ಲ. ಬಿಲ್ ಬರೆಯುವ ಮುನ್ನವೇ ತಮ್ಮ ರಾಜ್ಯದ ಜಿಎಸ್‌ಟಿ ಸಂಖ್ಯೆ, ವಿಳಾಸ ಕೊಟ್ಟು ಐಜಿಎಸ್‌ಟಿ ಬಿಲ್ ಕೇಳಬೇಕು.

ಬಿಡಿಭಾಗ ಜೋಡಿಸಿದ ಯಂತ್ರವಾದರೆ ಪ್ರತಿ ಭಾಗದ ಕ್ರಮಸಂಖ್ಯೆ ಬಿಲ್‌ನಲ್ಲಿರಲಿ, ವಾರಂಟಿ ಭಾಗಕ್ಕೊಂದು ಬಗೆಯಾಗಿರುತ್ತದೆ. ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ಎಂದರೆ ತಮ್ಮ ಊರಿನ ಪಿನ್‌ಕೋಡಿಗೂ ಬರುತ್ತಾರೆಯೇ ಎಂದು ಕೇಳಿ, ಬರೆಸಿಕೊಳ್ಳಬೇಕು. ಹಣ ಕೊಡುವ ಮುನ್ನ ಪೆನ್‌ಡ್ರೈವಿನಲ್ಲಿ ತಮ್ಮದೇ ಒಂದು ದೊಡ್ಡ ಆಲ್ಬಂ ಕಡತವನ್ನೂ, ಅದೇ ಹಾಳೆಯ ಮುದ್ರಿತ ಪ್ರತಿಯನ್ನೂ ಒಯ್ದು ಅಂಗಡಿಯ ಪರದೆಯಲ್ಲಿ ತೆರೆಸಿ ಪಕ್ಕಪಕ್ಕ ಹಿಡಿದು ನೋಡಬಹುದು. ತೆರೆಯಲು ಬಿಡದ ಅಂಗಡಿಯಾದರೆ ಪಕ್ಕದ ಅಂಗಡಿಯಿದೆ.